ಹರಾಧನ್‌ದಾಗೆ ನಾಲ್ಕು ತೋಟಾ ಸಾಲದು

ಮುಚ್ಚಿಟ್ಟು ಪ್ರಯೋಜನವಿಲ್ಲ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಆರಿಸಲು ಬರುವುದಿಲ್ಲ. ಒಂದೇ ವಸ್ತುವನ್ನು ಮುಂದಿಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತೇನೆ. ಎರಡು ಇಟ್ಟರೆ ತಲೆ ಕೆರೆದುಕೊಳ್ಳುತ್ತೇನೆ. ಮೂರು ಇಟ್ಟರೆ, ನಾಳೆ ಬರುತ್ತೇನೆ ಎಂದು ಅಂಗಡಿಯವನಿಗೆ ಹೇಳಿ ಎದ್ದು ಬರುತ್ತೇನೆ. ಆಫೀಸಿನಲ್ಲಿ ಈ ರೋಗವಿಲ್ಲ. ನಾನು ಸರ್ಕಾರಿ ಬ್ಯಾಂಕೊಂದರ ಕೋಲ್ಕತ್ತದ ಕಸ್ಬಾ ಶಾಖೆಯ ಮ್ಯಾನೇಜರ್. ಯಾರ ಅರ್ಜಿ ಮೇಲೆ ಹೋಗಬೇಕು, ಯಾರದು ವಾಪಸ್ಸು ಹೋಗಬೇಕು ಎಂಬುದನ್ನು ಚಹಾ ಆರುವ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ಆರಿಸುವುದು ನಾನಲ್ಲ, ನಿಯಮದ ಪುಸ್ತಕ. ಕಷ್ಟವೆಲ್ಲ ಪುಸ್ತಕ ಇಲ್ಲದ ಕಡೆ. ಧಾರವಾಡದಿಂದ ವರ್ಗವಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಕೊಡೆ ಕೊಳ್ಳಲು ಹೋಗಿ, ಉದ್ದ ಹಿಡಿಕೆಯದೋ ಮಡಚುವಂಥದೋ ಎಂದು ಯೋಚಿಸುತ್ತ ಒಂದು ಮಳೆಗಾಲವನ್ನು ಪೂರ್ತಿ ನೆನೆದು ಕಳೆದೆ. ಬೈಠಕ್ ಕೋಣೆಯ ಪರದೆಗೆ ಬಟ್ಟೆ ಇನ್ನೂ ಗೊತ್ತಾಗಿಲ್ಲ. ಬಿಸಿಲಿಗೆ ಹಳೆಯ ಲುಂಗಿ ಕಟ್ಟಿದ್ದೇವೆ. ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿ ಮೂರು ವರ್ಷದಿಂದ ಪರ್ಸಿನಲ್ಲಿ ಮಡಚಿ ಕೂತಿದೆ, ಫ್ರೇಮ್ ಯಾವುದೆಂದು ನಿರ್ಧಾರವಾಗಿಲ್ಲ. ನನ್ನ ಮಗಳು ಇಲ್ಲೇ ಬೆಳೆಯುತ್ತಿರುವವಳು, ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವಳು ಅಂಗಡಿಯಲ್ಲಿ ನನ್ನ ಪಕ್ಕ ನಿಂತು, “ಅಪ್ಪಾ, ಜಸ್ಟ್ ಪಿಕ್ ಒನ್ ನಾ!” ಎಂದು ಅಂಗಲಾಚುತ್ತಾಳೆ. ಅಷ್ಟು ಸುಲಭವಾಗಿದ್ದರೆ ನಾನು ಯಾವತ್ತೋ ಪಿಕ್ ಮಾಡುತ್ತಿದ್ದೆ.

ಇಂಥ ನನ್ನ ಹತ್ತಿರ ನಮ್ಮ ಶಾಖೆಯ ಗಾರ್ಡ್ ಹರಾಧನ್‌ದಾ ಬಂದು, ತಮ್ಮ ಬಂದೂಕಿಗೆ ಒಂದು ಸಾಮಾನು ಆರಿಸಿಕೊಡಿ ಎಂದು ಕೇಳಿದರು ಅಂದರೆ, ಆ ಮನುಷ್ಯನಿಗೆ ನನ್ನ ಮೇಲಿರುವ ಗೌರವ ಎಂಥದೆಂದು ನೀವೇ ಊಹಿಸಿ.

ಹರಾಧನ್‌ದಾರ ಬಗ್ಗೆ ಮೊದಲು ಹೇಳಬೇಕು. ಸೈನ್ಯದಿಂದ ನಿವೃತ್ತರಾಗಿ ಹದಿನೆಂಟು ವರ್ಷದಿಂದ ನಮ್ಮ ಶಾಖೆಯ ಬಾಗಿಲಲ್ಲಿ ಒಂದು ಮರದ ಸ್ಟೂಲಿನ ಮೇಲೆ ಕೂತಿದ್ದಾರೆ. ದಪ್ಪ ಮೀಸೆ, ಅದಕ್ಕೆ ಸರಿಯಾದ ಹೊಟ್ಟೆ. ತೊಡೆಯ ಮೇಲೆ ಅಡ್ಡಲಾಗಿ ಒಂದು ಪಂಪ್ ಆ್ಯಕ್ಷನ್ ಬಂದೂಕು, ಮುಂದಿನ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿದರೆ ಕರಕ್ ಕರಕ್ ಎಂದು ಸದ್ದು ಮಾಡುವಂಥದು. ಕಳ್ಳನೊಬ್ಬ ಬಂದಿದ್ದರೆ ಆ ಸದ್ದಿಗೇ ಓಡಿಹೋಗುತ್ತಿದ್ದ, ಆದರೆ ಹದಿನೆಂಟು ವರ್ಷದಲ್ಲಿ ಒಬ್ಬನೂ ಬಂದಿಲ್ಲ. ಹರಾಧನ್‌ದಾ ನಿಜವಾಗಿ ಕಾಯುವುದು ನಮ್ಮನ್ನು. ಪಿಂಚಣಿಗೆ ಬರುವ ಮಾಶೀಮಾಗಳ, ಅಂದರೆ ವಯಸ್ಸಾದ ಅಮ್ಮಂದಿರ, ಕೈಚೀಲ ಹಿಡಿದು ಮೆಟ್ಟಿಲು ಹತ್ತಿಸುತ್ತಾರೆ, ಫಾರ್ಮಿನಲ್ಲಿ ಎಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸುತ್ತಾರೆ. ನಾನು ಬಂದಾಗ ನನಗೆ ಇಲ್ಲಿ ಒಂದು ನರಪಿಳ್ಳೆಯ ಪರಿಚಯವೂ ಇರಲಿಲ್ಲ. ಬಾಡಿಗೆ ಮನೆ ಹುಡುಕಿಕೊಟ್ಟವರು ಅವರು. ನನ್ನ ಹೆಂಡತಿ ಸುಮಂಗಲಾಳನ್ನು ಗರಿಯಾಹಾಟಿಗೆ ಕರೆದುಕೊಂಡು ಹೋಗಿ ಕರಿಬೇವು ಮಾರುವ ಒಬ್ಬಳೇ ಒಬ್ಬ ಹೆಂಗಸನ್ನು ತೋರಿಸಿದವರು ಅವರು. ಒಮ್ಮೆ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಾಗ, ನನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಯಿಂದ ಮನೆಗೆ ತಂದು ಬಿಟ್ಟವರೂ ಅವರೇ. ಹೀಗಾಗಿ ಅವರನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ. ಇಲ್ಲಿಯವರು ಅಣ್ಣನಿಗೆ ಅನ್ನುವಂತೆ ದಾದಾ ಅನ್ನದೆ ಇನ್ನೇನನ್ನಲಿ?

ಅವರೂ ನನ್ನ ಮಾತನ್ನು ಮಿಲಿಟರಿ ಆಜ್ಞೆಯೆಂದೇ ಪಾಲಿಸುತ್ತಾರೆ. ಇದಕ್ಕೊಂದು ಉದಾಹರಣೆ ಹೇಳುತ್ತೇನೆ. ಇಲ್ಲಿ ಹತಾರಗಳಿಗೆ ಪೂಜೆ ವಿಶ್ವಕರ್ಮ ಪೂಜೆಯ ದಿನ. ನಮಗಾದರೋ ಆಯುಧ ಪೂಜೆ ನವಮಿಗೆ. ನವಮಿಯಂದು ಇಡೀ ಕೋಲ್ಕತ್ತ ದುರ್ಗಾಪೂಜೆಯ ಪೆಂಡಾಲಿನಲ್ಲಿರುತ್ತದೆ, ಬ್ಯಾಂಕಿಗೆ ಬೀಗ. ಹಾಗೆಂದು ಬಿಡಲಾಗುತ್ತದೆಯೇ? ಬಂದ ವರ್ಷವೇ, ರಜೆ ಶುರುವಾಗುವ ಮುಂಚಿನ ದಿನ, ಮನೆಯಿಂದ ಬಟ್ಟಲು ತಂದು ನೋಟೆಣಿಸುವ ಯಂತ್ರಕ್ಕೆ, ಲಾಕರಿನ ಕೀಲಿಗೆ, ಬಂದೂಕಿಗೆ ಅರಿಸಿನ ಕುಂಕುಮ ಏರಿಸಿ ಆರತಿ ಬೆಳಗಿದೆ. ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ ಹಚ್ಚಿದರೆ ವರ್ಷಗಟ್ಟಲೆ ಉದುರುವುದಿಲ್ಲ ಎಂಬುದು ನಮ್ಮಜ್ಜಿಯ ವಿದ್ಯೆ. ಆಕೆ ಎತ್ತಿನ ಕೊಂಬಿನ ತುದಿಗೆ ಹಚ್ಚುತ್ತಿದ್ದಳು, ನಾನು ಬಂದೂಕಿನ ತುದಿಗೆ ಹಚ್ಚಿದೆ. “ಹರಾಧನ್‌ದಾ, ಇದನ್ನು ಒರೆಸಕೂಡದು” ಎಂದು ಖಡಕ್ಕಾಗಿ ಹೇಳಿದೆ. ಅವರು ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದರು. ಹೀಗೆ ವರ್ಷಕ್ಕೊಮ್ಮೆ ಹಚ್ಚುತ್ತ ಮೂರು ಹಬ್ಬಗಳಾದವು. ಪ್ರತಿದಿನ ಬಂದೂಕಿಗೆ ಎಣ್ಣೆ ಸವರಿ ಒರೆಸುವ ಮನುಷ್ಯ, ನನ್ನ ಕುಂಕುಮವನ್ನು ಮಾತ್ರ ಮುಟ್ಟಲಿಲ್ಲ. ಸರಕಾರಿ ಕೆಲಸದಲ್ಲಿ ಇಷ್ಟು ವಿಧೇಯತೆ ನಾನೆಲ್ಲೂ ಕಂಡಿಲ್ಲ.

ಹೀಗಿರುವಾಗ, ಕಳೆದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಅವರು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ನಿಂತರು. ಕೈಯಲ್ಲಿ ನಮ್ಮ ಭದ್ರತಾ ವಿಭಾಗದಿಂದ ಬಂದ ಕಾಗದ. ನಮ್ಮ ಗಾರ್ಡುಗಳಿಗೆಲ್ಲ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಊರ ಹೊರಗಿನ ಮೈದಾನವೊಂದರಲ್ಲಿ ಗುರಿ ಹೊಡೆಯುವ ಪರೀಕ್ಷೆ ಇರುತ್ತದೆ. ಹರಾಧನ್‌ದಾ ಮೊದಲೆಲ್ಲ ನಾಲ್ಕಕ್ಕೆ ನಾಲ್ಕೂ ಹೊಡೆಯುತ್ತಿದ್ದರಂತೆ. ಹೋದ ವರ್ಷದ ಹಿಂದಿನ ವರ್ಷ ಎರಡು ತಗುಲಿತು. ಹೋದ ವರ್ಷ ಒಂದೇ ಒಂದು. ಮಿಕ್ಕ ಮೂರೂ ಹಲಗೆಯ ಕೆಳಗಿನ ಮಣ್ಣಿಗೆ. ಈ ಸಲ ಎರಡಾದರೂ ತಗುಲದಿದ್ದರೆ ಬಂದೂಕು ವಾಪಸ್ಸು ಪಡೆದು, ಹಳೆಯ ಕಡತಗಳನ್ನು ಇಡುವ ಗೋಡೌನಿಗೆ ಅವರನ್ನು ಕಾವಲಿಗೆ ಹಾಕುವುದು ಎಂದು ಕಾಗದದಲ್ಲಿತ್ತು.

“ಅಲ್ಲಿ ಇಲಿ ಬಿಟ್ಟರೆ ಬೇರೆ ಯಾರೂ ಬರೋದಿಲ್ಲ ಸಾರ್” ಎಂದರು ಹರಾಧನ್‌ದಾ. ನಮ್ಮ ಮಾತು ನಡೆಯುವುದು ಅರ್ಧ ಹಿಂದಿ, ಅರ್ಧ ಬಂಗಾಳಿಯಲ್ಲಿ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. “ವಯಸ್ಸಾಯಿತು, ಕಣ್ಣು ಹೋಗ್ತಾ ಇದೆ. ಯಾರಿಗೂ ಹೇಳಿಲ್ಲ, ಮನೆಯಲ್ಲಿ ಹೆಂಡತಿಗೂ ಹೇಳಿಲ್ಲ. ಆದರೆ ನಾನೊಂದು ಉಪಾಯ ಮಾಡಿದೀನಿ. ಪರೀಕ್ಷೆಯಲ್ಲಿ ಮ್ಯಾಗಜೀನ್ ತುಂಬಿಸಿ ಖಾಲಿಯಾಗೋವರೆಗೆ ಹೊಡೀರಿ ಅಂತಾರೆ, ಎಷ್ಟು ಅಂತ ಹೇಳೋದಿಲ್ಲ. ನಂದರಲ್ಲಿ ಹಿಡಿಯೋದು ನಾಲ್ಕು ತೋಟಾ. ಅದರ ಮುಂದೆ ಕೂರಿಸೋಕೆ ಒಂದು ಉದ್ದನೆಯ ಕೊಳವೆ ಸಿಗುತ್ತೆ. ಅದನ್ನ ಹಾಕಿಸಿಬಿಟ್ಟರೆ ಏಳು ಹಿಡಿಯುತ್ತೆ. ಏಳು ಹೊಡೆದರೆ ಎರಡು ತಗುಲಲ್ಲವಾ ಸಾರ್?”

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆ ಸ್ಟೂಲು ಖಾಲಿಯಾದರೆ ಬಾಗಿಲು ಹೇಗಿರುತ್ತದೆ ಎಂದು ಒಮ್ಮೆ ಯೋಚಿಸಿದೆ. ಮಾಶೀಮಾಗಳ ಕೈಚೀಲ ಹಿಡಿಯುವವರು ಯಾರು? ಇಲಿಗಳ ನಡುವೆ ಈ ಮನುಷ್ಯ ಯಾರಿಗೆ ಸೆಲ್ಯೂಟ್ ಹೊಡೆಯಬೇಕು? ಸಂಕಟವಾಯಿತು. ಆಗಲಿ ಎಂದು ಮೇಲಿನವರಿಗೆ ಬರೆದೆ. ನಮ್ಮಲ್ಲಿ ಪಂಖಾ ರಿಪೇರಿಗೆ ಬರೆದರೆ ಎರಡು ಬೇಸಿಗೆ ಬೇಕು. ಇದಕ್ಕೆ ಮಾತ್ರ ಹದಿನೈದೇ ದಿನದಲ್ಲಿ ಒಪ್ಪಿಗೆ ಬಂತು. ಲೈಸೆನ್ಸಿನ ಕಚೇರಿಯ ಅನುಮತಿಯೂ ಹಿಂದೆಯೇ ಬಂತು. ಒಪ್ಪಿಗೆಯ ಕಾಗದದ ಕೊನೆಯ ಸಾಲಿನಲ್ಲಿ, ‘ಸೂಕ್ತವಾದದ್ದನ್ನು ಶಾಖಾ ವ್ಯವಸ್ಥಾಪಕರು ಆರಿಸತಕ್ಕದ್ದು’ ಎಂದಿತ್ತು. ಅದನ್ನು ಎರಡು ಸಲ ಓದಿ, ಕಾಗದವನ್ನು ಮಗುಚಿ ಇಟ್ಟೆ.

ಬಂದೂಕಿನ ನಳಿಕೆ ನಮಗೆಲ್ಲ ಕಾಣುತ್ತದೆ. ಅದರ ಕೆಳಗೆ ಅಂಟಿಕೊಂಡಂತೆ ಇನ್ನೊಂದು ಗಿಡ್ಡ ಕೊಳವೆ ಇರುತ್ತದೆ. ತೋಟಾಗಳು ಸಾಲಾಗಿ ಕೂತುಕೊಳ್ಳುವುದು ಅದರೊಳಗೆ. ಅದೇ ಮ್ಯಾಗಜೀನ್. ಅದರ ತುದಿಯ ಮುಚ್ಚಳ ತಿರುಗಿಸಿ ತೆಗೆದು, ಆ ಜಾಗದಲ್ಲಿ ಇನ್ನೊಂದು ತುಂಡು ಕೊಳವೆ ಕೂರಿಸಿ, ಒಳಗಿನ ಸ್ಪ್ರಿಂಗು ಬದಲಿಸಿದರೆ ಮ್ಯಾಗಜೀನ್ ಉದ್ದವಾಗುತ್ತದೆ. ಇಷ್ಟೇ ಆಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಈ ತುಂಡಿನಲ್ಲಿ ಒಂದು ತೋಟಾದ್ದು, ಎರಡರದ್ದು, ಮೂರರದ್ದು ಎಂದು ಮೂರು ಅಳತೆ. ಉಕ್ಕಿನದು, ಅಲ್ಯೂಮಿನಿಯಮ್ಮಿನದು ಎಂದು ಎರಡು ಜಾತಿ. ಉದ್ದದ್ದು ಹಾಕಿದರೆ ನಳಿಕೆಗೆ ಕಟ್ಟಲು ಪಟ್ಟಿ ಬೇಕು. ಅದು ಒಂದು ಬದಿಯದೋ ಎರಡು ಬದಿಯದೋ? ಭಾರ ಮುಂದಕ್ಕೆ ಎಳೆದರೆ ಹರಾಧನ್‌ದಾರ ಭುಜದ ಗತಿಯೇನು? ಮೊಬೈಲನ್ನು ಚಾಚಿದ ಕೈಯಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಸಿಕ್ಕಿದ್ದನ್ನೆಲ್ಲ ಓದಿದೆ. ಮಗಳ ಹಳೆಯ ಗಣಿತದ ನೋಟುಬುಕ್ಕಿನಲ್ಲಿ ಗೆರೆ ಎಳೆದು, ಗುಣ ಒಂದು ಕಡೆ, ದೋಷ ಒಂದು ಕಡೆ ಬರೆದೆ. ಎರಡು ಭಾನುವಾರ ಹೋದವು. ಗುಣಗಳೂ ದೋಷಗಳೂ ಸಮನಾಗಿ ಬಂದವು.

ಸುಮಂಗಲಾ ಮೆಂತ್ಯ ಸೊಪ್ಪು ಬಿಡಿಸುತ್ತ ಇದನ್ನೆಲ್ಲ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ, “ಅಲ್ರೀ, ಹದಿನೆಂಟ ವರ್ಷದಾಗ ಒಬ್ಬ ಕಳ್ಳನ್ನ ನೋಡಿಲ್ಲ ಆ ದಾದಾ. ಇರೋ ನಾಕs ಹಾರಿಸಿಲ್ಲ, ಇನ್ನ ಮೂರ ತೊಗೊಂಡು ಏನ್ ಮಾಡ್ತಾರ್ರೀ?” ಎಂದಳು.

ನಾನು ಪರೀಕ್ಷೆಯ ವಿಷಯ ಹೇಳಿದೆ. ಅವಳ ಕೈ ನಿಂತಿತು.

“ಅಯ್ಯ ಪಾಪ! ಹಂಗಾದ್ರ ಕಣ್ಣಿಗೆ ತೋರಸೋದ ಬಿಟ್ಟು ಬಂದೂಕಿಗೆ ಯಾಕ ಕೊಳವಿ ಹುಡುಕಾಕತ್ತೀರಿ? ನೀವು ಗಂಡಸರೆಲ್ಲ ಒಂದs. ನಿಮ್ಮ ಚೀಟಿ ಪರ್ಸಿನ್ಯಾಗ ಕೊಳ್ಯಾಕತ್ತೇತಿ, ಅದೂ ನೋಡ್ರಿ.”

ಬಂದೂಕಿನ ವಿಷಯ ಮಾತಾಡುವಾಗ ನನ್ನ ಕನ್ನಡಕ ಯಾಕೆ ಬರಬೇಕು ಎಂದು ನನಗೆ ಸಿಟ್ಟು ಬಂತು. ಹೆಂಗಸರಿಗೆ ವಿಷಯಾಂತರ ಹೆಚ್ಚು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿ ಬಿಟ್ಟು ಅನ್ನುವ ಧೈರ್ಯ ಮದುವೆಯಾದ ಹೊಸದರಲ್ಲೂ ಇರಲಿಲ್ಲ.

ಪರೀಕ್ಷೆಗೆ ಒಂದು ವಾರ ಉಳಿದಾಗ ಇನ್ನು ತಡೆಯುವಂತಿರಲಿಲ್ಲ. ಲೈಸೆನ್ಸು, ಮೂರು ಕಾಗದ, ಗಣಿತದ ನೋಟುಬುಕ್ಕು ಹಿಡಿದು ನಾನೂ ಹರಾಧನ್‌ದಾರೂ ಹಳದಿ ಟ್ಯಾಕ್ಸಿಯಲ್ಲಿ ಎಸ್ಪ್ಲನೇಡಿಗೆ ಹೊರಟೆವು. ತೋಟಾ ತೆಗೆದ ಬಂದೂಕು ಕ್ಯಾನ್ವಾಸ್ ಚೀಲದಲ್ಲಿ ನಮ್ಮಿಬ್ಬರ ಮೊಣಕಾಲಿನ ಮೇಲಿತ್ತು. ಟ್ಯಾಕ್ಸಿಯವನು ಕನ್ನಡಿಯಲ್ಲಿ ಅದನ್ನು ನೋಡಿ ನೋಡಿ, “ಎಲ್ಲಿಗೆ ದಾದಾ, ಮೀನು ಹಿಡಿಯೋಕಾ?” ಎಂದು ಕೇಳಿದ. ಗಾಳದ ಕೋಲೆಂದು ತಿಳಿದಿದ್ದ. ಹರಾಧನ್‌ದಾ ಚೀಲವನ್ನು ತಮ್ಮ ಕಡೆಗೆ ಎಳೆದುಕೊಂಡರು. ನಾನೇ ಹೂಂ ಎಂದೆ. ಅಲ್ಲಿಂದ ಅಂಗಡಿ ಬರುವ ತನಕ, ರೂಯಿ ಮೀನಿಗೆ ಯಾವ ಹಿಟ್ಟು ಕಟ್ಟಬೇಕು, ಕಾತ್ಲಾಕ್ಕೆ ಯಾವುದು ಎಂದು ನನ್ನಂಥ ಶುದ್ಧ ಸಸ್ಯಾಹಾರಿ ಪಾಠ ಕೇಳಬೇಕಾಯಿತು.

ಬಂದೂಕಿನ ಅಂಗಡಿ ಒಂದು ಹಳೆಯ ಕಟ್ಟಡದ ಒಳಗಡೆ, ಕಬ್ಬಿಣದ ಜಾಲರಿಯ ಹಿಂದೆ. ಮಾಲೀಕರು ಎಂಬತ್ತರ ಆಸುಪಾಸಿನ ದತ್ತಬಾಬು. ಬಿಳಿ ಪಂಜಾಬಿ ಜುಬ್ಬಾ, ಮೂಗಿನ ತುದಿಯಲ್ಲಿ ಕನ್ನಡಕ. ಲೈಸೆನ್ಸನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು, ಕಾಗದಗಳ ಮೊಹರನ್ನು ಬೆಳಕಿಗೆ ಹಿಡಿದರು, ಮಣ್ಣಿನ ಕುಡಿಕೆಯಲ್ಲಿ ಚಹಾ ತರಿಸಿದರು. ಆಮೇಲೆ ಬಟ್ಟೆ ಹಾಸಿ ಅದರ ಮೇಲೆ ಮೂರು ಕೊಳವೆಗಳನ್ನು ಸಾಲಾಗಿ ಜೋಡಿಸಿದರು. ಒಂದರದ್ದು, ಎರಡರದ್ದು, ಮೂರರದ್ದು. ಹರಾಧನ್‌ದಾ ನನ್ನ ಮುಖ ನೋಡಿದರು. ದತ್ತಬಾಬುವೂ ನೋಡಿದರು. ನಾನು ನೋಟುಬುಕ್ಕು ತೆರೆದೆ. ಮೂರರದ್ದು ಎಂದರೆ ಭಾರ, ಒಂದರದ್ದು ಎಂದರೆ ಸಾಲದು, ಎರಡರದ್ದು ಎಂದರೆ ಅದೂ ಇಲ್ಲ ಇದೂ ಇಲ್ಲ. ಚಹಾ ಮುಗಿಯಿತು, ಇನ್ನೊಂದು ಬಂತು. ಉಕ್ಕಿನದರಲ್ಲಿ ತೋರಿಸಿ ಎಂದೆ, ತೋರಿಸಿದರು. ಪಟ್ಟಿ ತೋರಿಸಿ ಎಂದೆ, ಅದನ್ನೂ ತೋರಿಸಿದರು. ಮೂರನೆಯ ಕುಡಿಕೆ ಬಂದಾಗ ದತ್ತಬಾಬು ನನ್ನ ನೋಟುಬುಕ್ಕನ್ನು ಮೆಲ್ಲನೆ ಮುಚ್ಚಿ, “ಇದೆಲ್ಲ ಯಾಕೆ ಬೇಕು, ಅದನ್ನು ಮೊದಲು ಹೇಳಿ” ಎಂದರು.

ಹರಾಧನ್‌ದಾ ನಾಚುತ್ತ ಎಲ್ಲವನ್ನೂ ಹೇಳಿದರು. ಕಣ್ಣು ಹೋಗುತ್ತಿರುವುದು, ನಾಲ್ಕರಿಂದ ಎರಡಾದದ್ದು, ಎರಡರಿಂದ ಒಂದಾದದ್ದು.

“ತಪ್ಪಿದ ಏಟು ಎತ್ತ ಹೋಗುತ್ತೆ? ಎಡಕ್ಕಾ, ಬಲಕ್ಕಾ?”

“ಎಲ್ಲಾನೂ ಕೆಳಕ್ಕೇ ಬಾಬು. ಮಣ್ಣಿಗೆ.”

“ಕಣ್ಣು ಹೋದವನ ಏಟು ಹತ್ತು ಕಡೆ ಹೋಗಬೇಕು. ಒಂದೇ ಕಡೆ ಯಾಕೆ ಹೋಗುತ್ತೆ?” ಎಂದು ದತ್ತಬಾಬು ಬಂದೂಕನ್ನು ಎತ್ತಿಕೊಂಡರು. ಖಾಲಿ ಇದೆಯೇ ಎಂದು ಎರಡೆರಡು ಸಲ ನೋಡಿದರು. ಹಿಡಿಕೆಯನ್ನು ಕೆನ್ನೆಗೆ ಒತ್ತಿ ನಳಿಕೆಯುದ್ದಕ್ಕೂ ಕಣ್ಣು ಹಾಯಿಸಿದರು. ಇಳಿಸಿದರು. ತುದಿಯನ್ನು ಹತ್ತಿರ ತಂದು, ಬೆರಳಾಡಿಸಿ, ಮೂಸಿ ನೋಡಿದರು.

“ಇದೇನು? ಹರಳೆಣ್ಣೆಯಾ?”

ನಳಿಕೆಯ ತುದಿಯ ಮೇಲೆ ಜೋಳದ ಕಾಳಿನಷ್ಟು ಒಂದು ಹಿತ್ತಾಳೆಯ ಮಣಿ ಇರುತ್ತದಂತೆ. ಗುರಿ ಹಿಡಿಯುವುದು ಅದನ್ನು ನೋಡಿಕೊಂಡು. ಆ ಮಣಿ ಇರಬೇಕಾದ ಜಾಗದಲ್ಲಿ ಮೂರು ನವರಾತ್ರಿಗಳ ಕುಂಕುಮ ಪದರ ಪದರವಾಗಿ ಗಟ್ಟಿಯಾಗಿ, ಸಣ್ಣ ಅಡಿಕೆಯ ಹಾಗೆ ಉಬ್ಬಿತ್ತು. ಮಣಿ ಎತ್ತರವಾದರೆ ಹೊಡೆಯುವವನು ತಿಳಿಯದೆಯೇ ನಳಿಕೆಯನ್ನು ತಗ್ಗಿಸುತ್ತಾನೆ, ಏಟು ಕೆಳಗೆ ಬೀಳುತ್ತದೆ, ವರ್ಷ ವರ್ಷ ಇನ್ನಷ್ಟು ಕೆಳಗೆ ಬೀಳುತ್ತದೆ ಎಂದು ದತ್ತಬಾಬು ವಿವರಿಸಿದರು. “ಹಚ್ಚಿದ ಪುಣ್ಯಾತ್ಮ ಯಾರು?” ಎಂದು ಕೇಳಿದರು.

ಹರಾಧನ್‌ದಾ ನೆಲ ನೋಡಿದರು. ನನ್ನ ಹೆಸರು ಹೇಳಲಿಲ್ಲ. ಯಾವ ಶತ್ರು ದೇಶದ ಸೆರೆಯಲ್ಲಿದ್ದರೂ ಹೇಳುತ್ತಿರಲಿಲ್ಲ. ನಾನೇ ಕೈ ಎತ್ತಿದೆ.

“ನಿಮಗೆ ಅದು ಕಾಣುತ್ತಿರಲಿಲ್ಲವೇ ದಾದಾ?” ಎಂದು ಅಳುವುದೊಂದು ಬಾಕಿಯಾಗಿ ಕೇಳಿದೆ.

“ಕಾಣ್ತಿತ್ತು ಸಾರ್. ಆದರೆ ಮಾ ದುರ್ಗೆಯ ಸಿಂದೂರ. ಅದು ಗುರಿ ತಪ್ಪಿಸುತ್ತಾ? ತಪ್ಪಿಸೋದು ನನ್ನ ಕಣ್ಣೇ ಅಂದ್ಕೊಂಡೆ. ಮತ್ತೆ... ಒರೆಸಬೇಡಿ ಅಂತ ಆರ್ಡರ್ ಇತ್ತು.”

ಒಬ್ಬ ಒಳ್ಳೆಯ ಮನುಷ್ಯ ಒಂದು ವರ್ಷದಿಂದ, ಹೆಂಡತಿಗೂ ಹೇಳದೆ, ತನ್ನ ಕಣ್ಣು ಹೋಯಿತೆಂದು ಹೆದರಿಕೊಂಡು ಬಾಗಿಲಲ್ಲಿ ಕೂತಿದ್ದ. ಅವನನ್ನು ಇಲಿಗಳ ಗೋಡೌನಿಗೆ ಅಟ್ಟಲು ಹೊರಟಿದ್ದವನು ಪ್ರತಿ ವರ್ಷ ಭಕ್ತಿಯಿಂದ ಆರತಿ ಬೆಳಗುತ್ತಿದ್ದ ನಾನು. ನನಗೆ ನಿಜಕ್ಕೂ ನಾಚಿಕೆಯಾಯಿತು. ದತ್ತಬಾಬು ಸಣ್ಣ ಚಾಕುವಿನಿಂದ ಕೆರೆಯಲು ಹೋದಾಗ ಹರಾಧನ್‌ದಾ ತಡೆದು, ಜೇಬಿನಿಂದ ಕಾಗದ ತೆಗೆದು ಕೆಳಗೆ ಹಿಡಿದರು. ಉದುರಿದ ಕುಂಕುಮವನ್ನು ಪೊಟ್ಟಣ ಕಟ್ಟಿ, ಕಣ್ಣಿಗೊತ್ತಿಕೊಂಡು ಎದೆಯ ಜೇಬಿಗೆ ಸೇರಿಸಿದರು. ಭದ್ರತಾ ವಿಭಾಗದಿಂದ ಬಂದ ಕಾಗದವೇ ಅದು.

ಇಷ್ಟಕ್ಕೆ ಮುಗಿದಿದ್ದರೆ ನನ್ನ ಮಾನ ಅಲ್ಪಸ್ವಲ್ಪ ಉಳಿಯುತ್ತಿತ್ತು. ದತ್ತಬಾಬುವಿಗೆ ಪೂರ್ತಿ ಪರೀಕ್ಷೆ ಮಾಡದೆ ಸಮಾಧಾನವಿಲ್ಲ. ಹರಾಧನ್‌ದಾರನ್ನು ಬಾಗಿಲಿಗೆ ಕರೆದು, ದೂರದ ಮೂಲೆಯಲ್ಲಿ ತಿರುಗುತ್ತಿದ್ದ ಬಸ್ಸಿನ ನಂಬರು ಓದಿ ಎಂದರು. ಹರಾಧನ್‌ದಾ ನಂಬರು ಓದಿದರು, ಅದು ಹೋಗುವ ಊರು ಓದಿದರು, ಕಂಡಕ್ಟರ್ ಬೀಡಿ ಕಚ್ಚಿಕೊಂಡಿರುವುದನ್ನೂ ಹೇಳಿದರು. ಓದುತ್ತ ಓದುತ್ತ ಅವರ ಮುಖ ಅರಳುವುದನ್ನು ನೋಡಬೇಕಿತ್ತು.

“ನೀವು ಓದಿ” ಎಂದರು ದತ್ತಬಾಬು ನನ್ನ ಕಡೆ ತಿರುಗಿ.

ನಾನು ಕಣ್ಣು ಕಿರಿದು ಮಾಡಿದೆ. ಹಿಗ್ಗಿಸಿದೆ. “ಯಾವ ಬಸ್ಸು?” ಎಂದೆ.

ದತ್ತಬಾಬು ಮೂರು ಕೊಳವೆಗಳನ್ನೂ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. “ಇವರಿಗೆ ನಾಲ್ಕು ತೋಟಾ ಧಾರಾಳ. ನೀವು ಒಂದು ಕನ್ನಡಕ ಮಾಡಿಸಿಕೊಳ್ಳಿ. ಮಣಿ ಕಂಡಿದ್ದರೆ ಅದರ ಮೇಲೆ ಯಾಕೆ ಹಚ್ಚುತ್ತಿದ್ದಿರಿ?” ಎಂದರು. ಸುಮಂಗಲಾ ಹೇಳಿದ್ದನ್ನೇ ಅವರೂ ಹೇಳಿದರು. ನಾನಿದನ್ನು ಮನೆಯಲ್ಲಿ ಹೇಳಬಾರದೆಂದು ನಿಶ್ಚಯಿಸಿಕೊಂಡೆ. ಹರಾಧನ್‌ದಾ ಆ ಸಂಜೆಯೇ, ಕಣ್ಣು ಉಳಿಯಿತೆಂಬ ಸಂತೋಷಕ್ಕೆ ಸಂದೇಶ್ ಮಿಠಾಯಿಯ ಪೆಟ್ಟಿಗೆ ಹಿಡಿದು ಮನೆಗೆ ಬಂದು, ಅತ್ತಿಗೆಯೆನ್ನುವ ಸಲಿಗೆಯಲ್ಲಿ ಸುಮಂಗಲಾಳಿಗೆ “ಬೌದಿ, ಏನಾಯಿತು ಗೊತ್ತಾ?” ಎಂದು ಶುರುಮಾಡಿದರು. ಹೆಂಡತಿಯೂ ಮಗಳೂ ನಕ್ಕ ನಗುವಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು.

ಪರೀಕ್ಷೆಯ ದಿನ ನಾನೂ ಮೈದಾನಕ್ಕೆ ಹೋಗಿದ್ದೆ. ನಾಲ್ಕು ಸದ್ದು ಕೇಳಿತು. ಹಲಗೆ ನನಗೆ ಕಾಣಲಿಲ್ಲ. ಹರಾಧನ್‌ದಾರ ಮೀಸೆ ಮಾತ್ರ ಕಂಡಿತು, ಅದು ಎರಡೂ ಕಿವಿಯವರೆಗೆ ಹರಡಿತ್ತು. ನಾಲ್ಕಕ್ಕೆ ನಾಲ್ಕು. ನಾನು ಮ್ಯಾನೇಜರ್ ಎಂಬುದನ್ನು ಮರೆತು ಓಡಿಹೋಗಿ ಅವರನ್ನು ತಬ್ಬಿಕೊಂಡೆ. ಅವರ ಸ್ಟೂಲು ಇಂದಿಗೂ ಬಾಗಿಲಲ್ಲೇ ಇದೆ, ಮಾಶೀಮಾಗಳ ಕೈಚೀಲ ಅವರ ಕೈಯಲ್ಲೇ ಇದೆ.

ಆಮೇಲೆ ಹರಾಧನ್‌ದಾ ನನ್ನ ಕಣ್ಣನ್ನು ತಮ್ಮ ಡ್ಯೂಟಿಗೆ ಸೇರಿಸಿಕೊಂಡರು. ರಜೆ ಸಿಕ್ಕಾಗಲೆಲ್ಲ ನನ್ನನ್ನು ಗರಿಯಾಹಾಟಿನ ಕನ್ನಡಕದ ಅಂಗಡಿಗೆ ಕರೆದೊಯ್ಯುತ್ತಾರೆ. ಅಂಗಡಿಯವರು ಮೇಜಿನ ಮೇಲೆ ಫ್ರೇಮುಗಳನ್ನು ಹರಡುತ್ತಾರೆ, ನಾನು ಒಂದೊಂದನ್ನೂ ಹಾಕಿ ಕನ್ನಡಿ ನೋಡುತ್ತೇನೆ, ಹರಾಧನ್‌ದಾ ಮೂಲೆಯ ಸ್ಟೂಲಿನ ಮೇಲೆ ಕೂತು ಎಲ್ಲದಕ್ಕೂ ಚೆನ್ನಾಗಿದೆ ಅನ್ನುತ್ತಾರೆ. ಅಂಗಡಿಯವರು ಈಗ ಅವರಿಗೆ ಕೇಳದೆಯೇ ಚಹಾ ಕೊಡುತ್ತಾರೆ. ಕೆಲಸ ಮುಂದುವರಿಯುತ್ತಿಲ್ಲ ಎಂದಲ್ಲ. ಆಯ್ಕೆ ಈಗ ಮೂರಕ್ಕೆ ಇಳಿದಿದೆ.

ಅಷ್ಟರಲ್ಲಿ ಈ ವರ್ಷದ ಹಬ್ಬ ಬಂತು. ರಜೆಯ ಮುಂಚಿನ ದಿನ ಎಂದಿನಂತೆ ಹರಳೆಣ್ಣೆಯಲ್ಲಿ ಕುಂಕುಮ ಕಲಸಿಕೊಂಡು ಹೋದೆ. ಯಂತ್ರಕ್ಕಾಯಿತು, ಕೀಲಿಗಾಯಿತು. ಹರಾಧನ್‌ದಾ ಬಂದೂಕು ಹಿಡಿದು ಬಂದು ಹಿಮ್ಮಡಿ ಜೋಡಿಸಿ ನಿಂತರು. ನಾನು ಬೆರಳಿಗೆ ಕುಂಕುಮ ತೆಗೆದುಕೊಂಡು ಬಗ್ಗಿದೆ. ನನಗೆ ಕಂಡಷ್ಟರಲ್ಲಿ ಸರಿಯಾದ ಜಾಗಕ್ಕೇ ಹೋಗುತ್ತಿದ್ದೆ. ಹರಾಧನ್‌ದಾ ಒಂದು ಕೈಯಿಂದ ನಳಿಕೆಯ ತುದಿಯನ್ನು ಮುಚ್ಚಿಕೊಂಡರು. ಇನ್ನೊಂದು ಕೈಯಿಂದ ನನ್ನ ಬೆರಳನ್ನು ಹಿಡಿದು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ಮೆಲ್ಲಗೆ ಹಿಂದಕ್ಕೆ ತಂದು, ಮರದ ಹಿಡಿಕೆಯ ಮೇಲೆ ಇಟ್ಟರು.

“ಇಲ್ಲಿ ಸಾರ್” ಎಂದರು. “ಇನ್ನು ಮೇಲೆ ಇಲ್ಲಿ. ಇದು ಆರ್ಡರ್.”

ನಾನು ಬಟ್ಟಲು ಕೆಳಗಿಟ್ಟು ಸೆಲ್ಯೂಟ್ ಹೊಡೆದೆ.